ಆಯುಧನಾಮಗಳಲ್ಲಿ ಔಚಿತ್ಯ

೧

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದೇಶದಲ್ಲಿ ಬಾಳಿದ ಕ್ಷೇಮೇಂದ್ರನು ತನ್ನ ‘ಔಚಿತ್ಯವಿಚಾರಚರ್ಚೆ’ಯಲ್ಲಿ ಔಚಿತ್ಯವೇ ಕಾವ್ಯದ ಜೀವಿತವೆಂದು ಪ್ರತಿಪಾದಿಸಿ, ಅದನ್ನು ಪರೀಕ್ಷಿಸತಕ್ಕ ಸ್ಥಾನಗಳನ್ನು ಪದ, ವಾಕ್ಯ ಮೊದಲಾಗಿ ಇಪ್ಪತ್ತೇಳಾಗಿ ಎಣಿಸಿರುವುದು ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ವಿದಿತವೇ ಆಗಿದೆ. ಆ ಎಣಿಕೆಯ ಕೊನೆಯ ಎರಡು ಸ್ಥಾನಗಳು ನಾಮ ಮತ್ತು ಆಶೀರ್ವಾದ. ಮಾಡುವ ಕರ್ಮಕ್ಕೆ ಅನುರೂಪವಾದ ಹೆಸರಿನಿಂದ ಮನುಷ್ಯನ ಗುಣದೋಷಗಳು ಹೇಗೆ ವ್ಯಕ್ತವಾಗುವುವೋ ಹಾಗೆಯೇ ಕಾವ್ಯದ ಗುಣದೋಷಗಳೂ ವ್ಯಕ್ತವಾಗುವುವೆಂಬುದು ಅವನ ಆಶಯ.

ಈ ವಿಚಾರವನ್ನು ಕಾವ್ಯನಾಟಕಗಳ ಪಾತ್ರಗಳಿಗೆ ಮಾತ್ರವೇ ಮೀಸಲಾಗಿಡಬೇಕಾದ ಕಾರಣವಿಲ್ಲ. ಇಂದು ಸಂಸ್ಕೃತಪದಗಳಿಗೆ ಹೊಸ ಹೊಸ ವಾಚ್ಯಗಳು ದೊರೆಯುತ್ತಿರುವ ಸ್ಥಳಗಳಲ್ಲಿ ಭಾರತಸರ್ಕಾರದ ಆಯುಧಾಗಾರವು ಮುಖ್ಯವಾದುದು. ಅಗ್ನಿ, ಪೃಥ್ವಿ, ಆಕಾಶ, ನಾಗ, ಅಸ್ತ್ರ, ಪಿನಾಕ, ವರುಣಾಸ್ತ್ರ ಎಂಬುವು ಕ್ಷಿಪಣಿ, ರಾಕೆಟ್ಟು, ಟಾರ್ಪೆಡೊಗಳ ಹೆಸರುಗಳು. ಮಾರುತ, ತೇಜಸ್ ಎಂಬುವು ಯುದ್ಧವಿಮಾನಗಳ ಹೆಸರುಗಳು. ವಿಕ್ರಾಂತ, ಅರಿಹಂತ ಎಂಬುವು ಯುದ್ಧನೌಕೆಗಳ ಹೆಸರುಗಳು. ಇದು ಭಾರತದ ಪದ್ಧತಿಯೊಂದೇ ಅಲ್ಲ. ೧೯೦೬ರಲ್ಲಿ ಬ್ರಿಟನ್ನಿನ ನೌಕಾಪಡೆ ತನ್ನ ಹೊಸ ಮಾದರಿಯ ಯುದ್ಧನೌಕೆಗೆ ‘ಡ್ರೆಡ್‌ನಾಟ್’, ಎಂದರೆ ‘ಯಾವುದಕ್ಕೂ ಅಂಜದುದು’ ಎಂದು ಹೆಸರಿಟ್ಟಿತು; ಅಮೆರಿಕದ ಜಲಾಂತರ್ಗಾಮಿಗಳು ಹೊತ್ತಿರುವ ‘ಟ್ರೈಡೆಂಟ್’ ಕ್ಷಿಪಣಿಗೆ ಗ್ರೀಕರ ಸಮುದ್ರದೇವತೆಯ ತ್ರಿಶೂಲದ ಹೆಸರಿದೆ. ಆದರೆ ಭಾರತದಲ್ಲಿ ಈ ಹೆಸರುಗಳು ಇಂದಿಗೂ ಹರಿಕಥೆಯಲ್ಲಿ, ಯಕ್ಷಗಾನದಲ್ಲಿ, ಮನೆಯ ಜಗಲಿಯ ಭಾರತವಾಚನದಲ್ಲಿ ಜೀವಂತವಾಗಿರುವ ಕಥೆಗಳಿಂದ ಬಂದುವು. ಆದುದರಿಂದ ಇಲ್ಲಿ ಅವುಗಳ ಪರಿಣಾಮವೂ ಹೆಚ್ಚು, ಹೊಣೆಯೂ ಹೆಚ್ಚು.

ಹೆಸರು ಕೇವಲ ಗುರುತಿಗಾಗಿ, ಅದರಲ್ಲಿ ಅರ್ಥವನ್ನು ಹುಡುಕುವುದು ವೃಥಾ ಶ್ರಮವೆಂದು ಕೆಲವರು ಹೇಳಬಹುದು. ಪದಗಳು ಯೌಗಿಕ, ರೂಢ, ಯೋಗರೂಢವೆಂದು ವಿಭಾಗವುಳ್ಳವು. ಆಯುಧಗಳ ಹೆಸರುಗಳು ರೂಢವೆಂದರಾಯಿತಷ್ಟೆ ಎಂಬುದು ಅವರ ವಾದ. ಗುರುತು ಮಾತ್ರವೇ ಬೇಕಾಗಿದ್ದರೆ ಅಂಕೆಗಳೇ ಸಾಕಾಗಿದ್ದುವು. ಅಂಕೆಯನ್ನು ಬಿಟ್ಟು ‘ಅಗ್ನಿ’ ಎಂದವರು ಆ ಪದದ ವ್ಯಂಗ್ಯಾರ್ಥವನ್ನು ಬಯಸಿಯೇ ಹಾಗೆಂದರು. ವ್ಯಂಗ್ಯವನ್ನು ಬಯಸಿದವರು ಅದರ ವಿಮರ್ಶೆಗೂ ಒಳಗಾಗತಕ್ಕದ್ದು ನ್ಯಾಯವೇ ಸರಿ.

೨

ಮೊದಲು ಗುಣವನ್ನು ಹೇಳುವುದು ವಿಮರ್ಶಕಧರ್ಮ. ೧೯೮೩ರಲ್ಲಿ ಅಬ್ದುಲ್ ಕಲಾಮರ ನಾಯಕತ್ವದಲ್ಲಿ ಆರಂಭವಾದ ಕ್ಷಿಪಣಿಯೋಜನೆಯಲ್ಲಿ ಪೃಥ್ವಿ, ಅಗ್ನಿ, ಆಕಾಶ, ತ್ರಿಶೂಲ, ನಾಗ ಎಂಬ ಐದು ಹೆಸರುಗಳು ಒಟ್ಟಿಗೆ ಬಂದುವು. ‘ಪೃಥ್ವಿ’ಯು ನೆಲದಿಂದ ಹಾರಿ ನೆಲದ ಗುರಿಯನ್ನು ಹೊಡೆಯತಕ್ಕದ್ದು, ೧೯೮೮ರ ಫೆಬ್ರವರಿಯಲ್ಲಿ ಅದರ ಮೊದಲನೆಯ ಪರೀಕ್ಷೆ ನಡೆಯಿತು. ‘ಆಕಾಶ’ವು ಮೇಲೆ ಬರುವ ಶತ್ರುವಿಮಾನವನ್ನು ಆಕಾಶದಲ್ಲಿಯೇ ತಡೆಯತಕ್ಕದ್ದು. ಈ ಎರಡು ಹೆಸರುಗಳೂ ಆಯುಧದ ಕರ್ಮವನ್ನು ಹೇಳದೆ ಅದರ ಅಧಿಕರಣವನ್ನು, ಎಂದರೆ ಅದು ಕೆಲಸಮಾಡುವ ಸ್ಥಾನವನ್ನು ಹೇಳುತ್ತವೆ. ಇವುಗಳಲ್ಲಿ ಅತಿಶಯೋಕ್ತಿಯೂ ಇಲ್ಲ, ಬೆದರಿಕೆಯೂ ಇಲ್ಲ. ‘ವರುಣಾಸ್ತ್ರ’ವೂ ಈ ವರ್ಗಕ್ಕೇ ಸೇರಿದುದು. ವಿಶಾಖಪಟ್ಟಣದಲ್ಲಿ ರೂಪುಗೊಂಡು ೨೦೧೬ರಲ್ಲಿ ನೌಕಾಪಡೆಗೆ ಸಂದ ಈ ಟಾರ್ಪೆಡೊ ನೀರಿನೊಳಗೇ ಸಾಗಿ ಜಲಾಂತರ್ಗಾಮಿಯನ್ನು ಹೊಡೆಯುತ್ತದೆ. ಪುರಾಣದ ವಾರುಣಾಸ್ತ್ರವು ಮಳೆಗರೆದು ಆಗ್ನೇಯಾಸ್ತ್ರವನ್ನು ಶಮನಗೊಳಿಸುತ್ತಿತ್ತು, ಇದು ಶಮನಮಾಡುವುದಲ್ಲ. ಆದರೂ ವರುಣನ ರಾಜ್ಯದಲ್ಲಿ ಸಂಚರಿಸುವುದೆಂಬಷ್ಟರ ಮಟ್ಟಿಗೆ ಹೆಸರು ಒಪ್ಪುತ್ತದೆ.

‘ಪಿನಾಕ’ವೆಂಬುದು ಇನ್ನೂ ಸೂಕ್ಷ್ಮವಾದ ಆಯ್ಕೆ. ನಲವತ್ತನಾಲ್ಕು ಸೆಕೆಂಡುಗಳಲ್ಲಿ ಹನ್ನೆರಡು ರಾಕೆಟ್ಟುಗಳನ್ನು ಹಾರಿಸುವ ಈ ವಾಹನವು ೧೯೯೯ರ ಕಾರ್ಗಿಲ್ ಯುದ್ಧದಲ್ಲಿ ಬಳಕೆಗೆ ಬಂದಿತು. ಪಿನಾಕವು ಶಿವನ ಧನುಸ್ಸು, ಬಾಣವಲ್ಲ. ಹಾರಿಹೋಗುವ ರಾಕೆಟ್ಟಿಗೆ ಬಾಣಸ್ಥಾನವನ್ನೂ, ಹಾರಿಸಿ ನಿಲ್ಲುವ ಯಂತ್ರಕ್ಕೆ ಧನುಃಸ್ಥಾನವನ್ನೂ ಕಲ್ಪಿಸಿದ್ದರಿಂದ ಉಪಮಾನ ಉಪಮೇಯಗಳು ಅಂಗಾಂಗವಾಗಿ ಹೊಂದಿಕೊಂಡಿವೆ. ಆಲಂಕಾರಿಕರು ಸಾಧಾರಣಧರ್ಮವೆಂದು ಕರೆಯುವುದು ಇಲ್ಲಿ ನೆಲೆಯಾಗಿ ನಿಂತಿದೆ. ಹಾಗೆಯೇ ವಿಮಾನದಿಂದ ವಿಮಾನದ ಮೇಲೆ ಬಿಡುವ ಕ್ಷಿಪಣಿಗೆ ‘ಅಸ್ತ್ರ’ವೆಂದಿರುವುದೂ ಶಾಸ್ತ್ರಸಮ್ಮತ, ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಎಸೆಯುವುದು ಅಸ್ತ್ರ.

ಕರ್ಣಾಟಕದ ಹೆಸರುಗಳೂ ಕಡಲನ್ನು ಸೇರಿವೆ. ಕಾರವಾರದ ನೌಕಾನೆಲೆಯು ೨೦೦೫ರಲ್ಲಿ ‘ಕದಂಬ’ವೆಂಬ ನಾಮಧೇಯದಿಂದ ಸೇವೆಗೆ ಸಂದಿತು. ಬನವಾಸಿಯ ಕದಂಬರ ಮೂಲಪುರುಷನಾದ ಮಯೂರಶರ್ಮನು ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋಗಿ, ಅಲ್ಲಿ ಪಲ್ಲವರ ಅಶ್ವಾರೋಹಿಯಿಂದುಂಟಾದ ಕಲಹದಲ್ಲಿ ನೊಂದು, ದರ್ಭೆಯನ್ನು ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದನೆಂದು ತಾಳಗುಂದದ ಶಾಸನವು ವರ್ಣಿಸುತ್ತದೆ. ಆ ನೆಲೆಗೂ ಆ ಕುಲಕ್ಕೂ ದೇಶಸಂಬಂಧವಿದೆ. ಕಥೆಯೂ ಆಯುಧವನ್ನು ವೃಥಾ ಹೊಗಳದೆ, ಅದನ್ನು ಹಿಡಿಯಬೇಕಾಗಿ ಬಂದ ಕಾರಣವನ್ನು ಹೇಳುತ್ತದೆ. ‘ಮೈಸೂರು’ ಎಂಬ ಹೆಸರನ್ನು ೧೯೫೭ರಲ್ಲಿ ಸೇವೆಗೆ ಬಂದ ಕ್ರೂಸರ್ ನೌಕೆಯೂ, ೧೯೯೯ರಲ್ಲಿ ಬಂದ ಡಿಸ್ಟ್ರಾಯರ್ ನೌಕೆಯೂ ಧರಿಸಿವೆ. ಈಗಿನ ನೌಕೆಯ ಲಾಂಛನದಲ್ಲಿ ಗಂಡಭೇರುಂಡವಿದೆ. ಅದರ ಧ್ಯೇಯವಾಕ್ಯವು ತೈತ್ತಿರೀಯೋಪನಿಷತ್ತಿನದು. ಬ್ರಹ್ಮಾನಂದವನ್ನು ಅರಿತವನು ಎಂದಿಗೂ ಹೆದರುವುದಿಲ್ಲವೆಂಬುದು ಮೂಲದ ಅರ್ಥ. ಫಿರಂಗಿಯನ್ನು ಹೊತ್ತ ನೌಕೆಗೆ ಈ ಮಾತನ್ನು ಬರೆದವರು, ಅಭಯವು ಫಿರಂಗಿಯಿಂದ ಬರುವುದಲ್ಲವೆಂಬ ತತ್ತ್ವವನ್ನೂ ಅರಿತೋ ಅರಿಯದೆಯೋ ಅದರ ಮೇಲೆ ಬರೆದಂತಾಯಿತು.

೩

ಇನ್ನು ಹೆಸರು ಮುಂದಾಗಿ ವಸ್ತುವು ಹಿಂದುಳಿದ ಉದಾಹರಣೆಗಳು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯೇ ಮುಂದೆ ಹಿಂದೂಸ್ಥಾನ್ ಏರೋನಾಟಿಕ್ಸ್ ಎಂದಾಯಿತು. ಜರ್ಮನಿಯ ಕುರ್ಟ್ ಟ್ಯಾಂಕನ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ‘ಮಾರುತ’ ಯುದ್ಧವಿಮಾನವು ೧೯೬೧ರ ಜೂನ್ ತಿಂಗಳಲ್ಲಿ ಮೊದಲು ಹಾರಿತು. ಶಬ್ದಕ್ಕೆ ಇಮ್ಮಡಿ ವೇಗವನ್ನು ಮುಟ್ಟಬೇಕೆಂಬುದು ಮೂಲಸಂಕಲ್ಪ. ಆ ವೇಗಕ್ಕೆ ತಕ್ಕ ಎಂಜಿನು ಮಾತ್ರ ಕಡೆಗೂ ದೊರೆಯಲಿಲ್ಲ. ರೆಕ್ಕೆಗಳೂ ದೇಹವೂ ಚೆಲುವಾಗಿದ್ದು, ಉಸಿರು ಸಾಲದೆ ಹೋಯಿತು. ೧೯೭೧ರ ಯುದ್ಧದ ಪಶ್ಚಿಮರಂಗದಲ್ಲಿ ಆ ವಿಮಾನವು ತನ್ನ ಕೈಲಾದ ಸೇವೆಯನ್ನು ಸಲ್ಲಿಸಿತೆಂಬುದನ್ನು ಮರೆಯಬಾರದು. ಆದರೆ ವಾಯುವಿನ ಹೆಸರಿಗೆ ವಾಯುವಿನ ವೇಗವು ಒದಗಲಿಲ್ಲವೆಂಬುದೂ ನಿಜ.

ಅದೇ ಕೊರತೆ ಎರಡನೆಯ ಸಲವೂ ಕಾಣಿಸಿತು. ೨೦೦೧ರ ಜನವರಿ ೪ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಹಗುರ ಯುದ್ಧವಿಮಾನಕ್ಕೆ ೨೦೦೩ರಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು ‘ತೇಜಸ್’ ಎಂದು ನಾಮಕರಣ ಮಾಡಿದರು. ಅದಕ್ಕಾಗಿ ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ‘ಕಾವೇರಿ’ ಎಂಬ ಎಂಜಿನನ್ನು ಕಟ್ಟತೊಡಗಿದರು. ಅದು ಬೇಕಾದಷ್ಟು ಬಲವನ್ನು ಕೊಡಲಾರದೆ ೨೦೦೮ರಲ್ಲಿ ತೇಜಸ್ಸಿನಿಂದ ಬೇರ್ಪಟ್ಟಿತು. ಅಮೆರಿಕದ ಎಂಜಿನಿನಿಂದ ಆ ವಿಮಾನವು ಹಾರುತ್ತಿದೆ. ಎಂಜಿನಿನ ಒಳಗೆ ಉರಿಯುವ ಅನಿಲವು, ಲೋಹವನ್ನು ಕರಗಿಸಬಲ್ಲ ಶಾಖದಲ್ಲಿ ಅಲಗುಗಳ ಮೇಲೆ ಬೀಸುತ್ತದೆ. ಅಂಥ ಅಲಗನ್ನು ಎರಕಹೊಯ್ಯುವ ವಿದ್ಯೆಯು ದಶಕಗಳ ಪರಿಶ್ರಮದಿಂದಲ್ಲದೆ ನಾಮಕರಣದಿಂದ ಬರುವುದಲ್ಲ. ಕಾವೇರಿಯಂಥ ತುಂಬುಹೊಳೆಯ ಹೆಸರು ಆ ಕೊರತೆಯನ್ನು ಮುಚ್ಚಲಿಲ್ಲ, ಎತ್ತಿ ತೋರಿಸಿತು.

‘ತೇಜಸ್’ ಎಂಬುದು ಮಾತ್ರ ಒಳ್ಳೆಯ ಹೆಸರೇ. ಹರಿತಗೊಳಿಸುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ಪದದಲ್ಲಿ ಕಾಂತಿಯೂ ಇದೆ, ತೀಕ್ಷ್ಣತೆಯೂ ಇದೆ. ಧನಂಜಯನ ದಶರೂಪಕದಲ್ಲಿ ನಾಯಕನ ಎಂಟು ಸಾತ್ತ್ವಿಕಗುಣಗಳಲ್ಲಿ ತೇಜಸ್ಸು ಒಂದು. ಅವಮಾನವನ್ನು ಸಹಿಸದಿರುವುದು ಅದರ ಲಕ್ಷಣ. ಅದರ ಜೊತೆಯಲ್ಲಿಯೇ ಗಾಂಭೀರ್ಯವನ್ನೂ ಸ್ಥೈರ್ಯವನ್ನೂ ಎಣಿಸಿದ್ದಾರೆಂಬುದನ್ನು ಗಮನಿಸಬೇಕು. ತೇಜಸ್ಸೊಂದೇ ಇದ್ದವನು ನಾಯಕನಾಗುವುದಿಲ್ಲ.

ಹೆಸರು ವಸ್ತುವನ್ನು ಮೀರಿದಾಗ ಆಗುವ ಅನರ್ಥಕ್ಕೆ ಕರ್ಣಾಟಕದಲ್ಲಿಯೇ ಒಂದು ನಿದರ್ಶನವಿದೆ. ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹೇಳಿ ಬರೆಸಿದ ‘ವೈಮಾನಿಕಶಾಸ್ತ್ರ’ವು ಭರದ್ವಾಜಮಹರ್ಷಿಗಳದೆಂದು ಪ್ರಸಿದ್ಧಿಗೆ ಬಂದಿತು, ಶಕುನ, ಸುಂದರ, ರುಕ್ಮ, ತ್ರಿಪುರವೆಂಬ ವಿಮಾನಗಳು ಅದರಲ್ಲಿ ವರ್ಣಿತವಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯ ಐವರು ವಿದ್ವಾಂಸರು ೧೯೭೪ರಲ್ಲಿ ಅದನ್ನು ಭಾಷೆಯಿಂದಲೂ ಯಂತ್ರಶಾಸ್ತ್ರದಿಂದಲೂ ಪರೀಕ್ಷಿಸಿ, ಗ್ರಂಥವು ಇಪ್ಪತ್ತನೆಯ ಶತಮಾನಕ್ಕಿಂತ ಹಿಂದಿನದಲ್ಲವೆಂದೂ, ಅದರಲ್ಲಿ ಹೇಳಿದ ವಿಮಾನಗಳು ಹಾರತಕ್ಕವಲ್ಲವೆಂದೂ ನಿರ್ಣಯಿಸಿದರು. ಸಂಸ್ಕೃತದಲ್ಲಿದೆ ಎಂಬಷ್ಟರಿಂದಲೇ ಗ್ರಂಥವು ಪ್ರಾಚೀನವಾಗುವುದಿಲ್ಲ. ಪುಷ್ಪಕವೆಂಬ ಹೆಸರಿದೆ ಎಂಬಷ್ಟರಿಂದ ಎಂಜಿನು ಇತ್ತೆಂದಾಗುವುದಿಲ್ಲ. ಆದಿಕವಿಯ ಪುಷ್ಪಕವು ಕಾಮಗಮನವುಳ್ಳದ್ದು, ಎಂದರೆ ಏರಿದವನ ಇಚ್ಛೆಯಂತೆ ಸಾಗುವುದು. ಅದು ಕಾವ್ಯದಲ್ಲಿ ಸತ್ಯ. ಅದನ್ನು ಲೋಹದ ಸತ್ಯವೆಂದು ಹಟಹಿಡಿಯುವವನು ಕಾವ್ಯವನ್ನೂ ಕೆಡಿಸುತ್ತಾನೆ, ವಿಜ್ಞಾನವನ್ನೂ ಕೆಡಿಸುತ್ತಾನೆ. ಇಂದಿನ ಕ್ಷಿಪಣಿಗಳಿಗೆ ಪುರಾಣದ ಹೆಸರುಗಳನ್ನು ಕೇಳಿ ಕೇಳಿ, ಪುರಾಣದಲ್ಲಿಯೂ ಇಂದಿನ ಕ್ಷಿಪಣಿಗಳೇ ಇದ್ದುವೆಂದು ನಂಬುವ ಎಳೆಯರು ಹೆಚ್ಚುತ್ತಿರುವುದು ಈ ಭ್ರಾಂತಿಯ ಹೊಸ ಅವತಾರವೇ ಆಗಿದೆ.

‘ಬ್ರಹ್ಮೋಸ್’ ಎಂಬ ಹೆಸರಿನ ಗತಿಯೂ ಹೀಗೆಯೇ ಆಯಿತು. ೧೯೯೮ರಲ್ಲಿ ಭಾರತವೂ ರಷ್ಯವೂ ಕೂಡಿ ಕಟ್ಟಿದ ಸಂಸ್ಥೆಯ ಈ ಕ್ಷಿಪಣಿಯು ೨೦೦೧ರ ಜೂನಿನಲ್ಲಿ ಮೊದಲು ಪರೀಕ್ಷಿತವಾಯಿತು. ಅದರ ವೇಗವು ಶಬ್ದದ ವೇಗದ ಹೆಚ್ಚುಕಡಮೆ ೨.೮ರಷ್ಟು. ಬ್ರಹ್ಮಪುತ್ರಾ ಮತ್ತು ಮಾಸ್ಕ್ವಾ ಎಂಬ ಎರಡು ನದಿಗಳ ಹೆಸರಿನ ಮೊದಲಕ್ಷರಗಳಿಂದ ಈ ಪದವನ್ನು ಕೂಡಿಸಿದರು. ಜನರು ಮಾತ್ರ ಇದನ್ನು ಬ್ರಹ್ಮಾಸ್ತ್ರವೆಂದೇ ಭಾವಿಸಿದ್ದಾರೆ. ಎರಡು ನದಿಗಳ ಸಂಗಮವೆಂಬ ಸೌಮ್ಯವಾದ ಕಲ್ಪನೆಯನ್ನು ಕಿವಿಯ ಸಾದೃಶ್ಯವೊಂದು ನುಂಗಿಬಿಟ್ಟಿತು.

೪

ಇದರಿಂದ ಮತ್ತೊಂದು ತತ್ತ್ವವು ಹೊರಡುತ್ತದೆ. ಹೇಳುವವನ ವಿವಕ್ಷೆಯೊಂದರಿಂದಲೇ ವ್ಯಂಗ್ಯಾರ್ಥವು ನಿರ್ಣಯವಾಗುವುದಿಲ್ಲ. ಕೇಳುವವನ ವೈಶಿಷ್ಟ್ಯವೂ ಅದಕ್ಕೆ ಕಾರಣವೆಂದು ಮಮ್ಮಟನು ಹೇಳಿದ್ದಾನೆ. ‘ಪೃಥ್ವಿ’ ಎಂದರೆ ಭೂಮಿ. ಹೆಸರಿಟ್ಟವರ ಮನಸ್ಸಿನಲ್ಲಿದ್ದುದು ಪಂಚಭೂತಗಳು. ಗಡಿಯಾಚೆಯ ಕಿವಿಗೆ ಅದು ಪೃಥ್ವೀರಾಜನ ಹೆಸರಾಗಿ ಕೇಳಿಸಿತೆಂದು ಪ್ರತೀತಿಯಿದೆ. ಪಾಕಿಸ್ತಾನವು ೧೯೯೮ರ ಏಪ್ರಿಲಿನಲ್ಲಿ ಪರೀಕ್ಷಿಸಿದ ತನ್ನ ಕ್ಷಿಪಣಿಗೆ, ಪೃಥ್ವೀರಾಜನನ್ನು ಸೋಲಿಸಿದ ಘೋರಿಯ ಹೆಸರನ್ನಿಟ್ಟಿತು. ಘಜ್ನವಿ, ಅಬ್ದಾಲಿ, ಬಾಬರ್ ಎಂಬ ಹೆಸರುಗಳೂ ಅನಂತರ ಬಂದುವು. ಎಂಟುನೂರು ವರ್ಷಗಳ ಹಿಂದಿನ ಯುದ್ಧವು ಹೀಗೆ ಎರಡು ಹೆಸರುಗಳ ನಡುವೆ ಮತ್ತೆ ಹೂಡಲ್ಪಟ್ಟಿತು. ಶ್ಲೇಷವು ಕಾವ್ಯದಲ್ಲಿ ಚಮತ್ಕಾರ, ರಾಜ್ಯಗಳ ನಡುವೆ ಅನರ್ಥ.

ವಾಯುಸೇನೆಯ ಧ್ಯೇಯವಾಕ್ಯವೂ ಪರಿಶೀಲನಾರ್ಹವಾದುದು. ಆಕಾಶವನ್ನು ಮುಟ್ಟುವ, ಉಜ್ವಲವಾದ ಎಂಬರ್ಥದ ಎರಡು ಪದಗಳನ್ನು ಗೀತೆಯ ಹನ್ನೊಂದನೆಯ ಅಧ್ಯಾಯದಿಂದ ತೆಗೆದುಕೊಂಡಿದ್ದಾರೆ. ಆ ಪದಗಳು ಮನೋಹರವಾದುವೆಂಬಲ್ಲಿ ಸಂದೇಹವಿಲ್ಲ. ಆದರೆ ಅವುಗಳನ್ನು ಆಡಿದವನಾರು, ಯಾವ ಅವಸ್ಥೆಯಲ್ಲಿ ಆಡಿದನು? ವಿಶ್ವರೂಪವನ್ನು ಕಂಡ ಅರ್ಜುನನ ಮಾತು ಅದು. ಅದೇ ಶ್ಲೋಕದಲ್ಲಿಯೇ, ತನ್ನ ಅಂತರಾತ್ಮವು ನಡುಗಿತು, ಧೈರ್ಯವೂ ಶಾಂತಿಯೂ ದೊರೆಯುತ್ತಿಲ್ಲವೆಂದು ಅವನು ಹೇಳಿಕೊಳ್ಳುತ್ತಾನೆ. ಗಾಂಡೀವಿಯಾದ ಮಹಾವೀರನು ಮೇರೆಯಿಲ್ಲದ ಶಕ್ತಿಯನ್ನು ಕಂಡು ಬೆದರಿದ ಕ್ಷಣದ ವಾಕ್ಯವದು. ಇದು ದೋಷವೆನ್ನುವುದಕ್ಕಿಂತ ಎಚ್ಚರಿಕೆಯೆನ್ನುವುದು ಲೇಸು. ಶ್ಲೋಕದ ಪೂರ್ವಾರ್ಧದಲ್ಲಿ ಹೆಮ್ಮೆಪಡುವವನು ಉತ್ತರಾರ್ಧವನ್ನೂ ಓದಿರಬೇಕು. ನೌಕಾಪಡೆಯ ಧ್ಯೇಯವಾಕ್ಯವು ಈ ದೃಷ್ಟಿಯಿಂದ ಹೆಚ್ಚು ನಿರ್ದುಷ್ಟವಾದುದು: ವರುಣನು ಮಂಗಳವನ್ನುಂಟುಮಾಡಲಿ ಎಂಬ ಪ್ರಾರ್ಥನೆ ಅದು. ಕ್ಷೇಮೇಂದ್ರನ ಎಣಿಕೆಯ ಕೊನೆಯದಾದ ಆಶೀರ್ವಾದೌಚಿತ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದುರ್ಲಭ.

ಎಲ್ಲಕ್ಕಿಂತ ವಿಚಿತ್ರವಾದುದು ‘ಅರಿಹಂತ’. ಪರಮಾಣುಶಕ್ತಿಯಿಂದ ಚಲಿಸುವ ಈ ಜಲಾಂತರ್ಗಾಮಿಯು ೨೦೦೯ರ ಜುಲೈ ತಿಂಗಳಲ್ಲಿ ವಿಶಾಖಪಟ್ಟಣದಲ್ಲಿ ನೀರಿಗಿಳಿಯಿತು. ಅದೇ ಜಾತಿಯ ‘ಅರಿಘಾತ’ವು ೨೦೨೪ರ ಆಗಸ್ಟಿನಲ್ಲಿ ಸೇವೆಗೆ ಸಂದಿತು. ಶತ್ರುವನ್ನು ಕೊಲ್ಲುವುದೆಂಬುದು ಯೌಗಿಕಾರ್ಥ. ಆದರೆ ಜೈನರ ಪಂಚನಮಸ್ಕಾರದಲ್ಲಿ ಮೊದಲು ವಂದಿತರಾಗುವವರು ಅರಿಹಂತರು. ಅವರು ಕೊಂದ ಅರಿಗಳು ರಾಗದ್ವೇಷಾದಿಗಳು. ಆದಿಪುರಾಣವನ್ನು ಓದಿದ ಕನ್ನಡಿಗನಿಗೆ ಈ ಹೆಸರನ್ನು ಕೇಳಿದಾಗ ನೆನಪಾಗುವುದು ಭರತನು ಬಾಹುಬಲಿಯ ಮೇಲೆ ಪ್ರಯೋಗಿಸಿದ ಚಕ್ರರತ್ನ. ಅದು ಕೊಲ್ಲದೆ ಬಾಹುಬಲಿಯನ್ನು ಬಲಗೊಂಡು ನಿಂತಿತು. ಗೆದ್ದವನು ರಾಜ್ಯವನ್ನು ತೊರೆದು ತಪಸ್ಸಿಗೆ ನಡೆದನು. ಅಹಿಂಸೆಯ ಪರಮಪದವಾಚಕವಾದ ಶಬ್ದವನ್ನು ಪರಮಾಣುಕ್ಷಿಪಣಿಗಳನ್ನು ಹೊರುವ ನೌಕೆಗೆ ಇಟ್ಟಿರುವುದು ಮೇಲುನೋಟಕ್ಕೆ ಪರಮ ಅನೌಚಿತ್ಯವೇ ಸರಿ. ಆದರೂ ವಿಚಾರಮಾಡಿದರೆ, ಆ ನೌಕೆಯ ಉದ್ದೇಶವು ಶತ್ರುವಿನ ಮೊದಲ ಪೆಟ್ಟಿಗೆ ಸಿಕ್ಕದಂತೆ ಕಡಲೊಳಗೆ ಅಡಗಿದ್ದು, ಅಂಥ ಪೆಟ್ಟೇ ಬೀಳದಂತೆ ನೋಡಿಕೊಳ್ಳುವುದು. ತನ್ನ ಆಯುಧವನ್ನು ಒಮ್ಮೆಯೂ ಬಿಡದೆ ಅದು ನಿವೃತ್ತವಾದರೆ ಆಗಲೇ ಅದರ ಕಾರ್ಯವು ಸಫಲ. ಆ ದಿನ ಈ ಹೆಸರಿನ ಜೈನಾರ್ಥವೂ ಒಂದಂಶದಲ್ಲಿ ಸಲ್ಲುತ್ತದೆ.

೫

ಪ್ರಕೃತ ವಿಮರ್ಶೆಯ ಮುಖ್ಯವಾದ ಆಕ್ಷೇಪವನ್ನು ಈಗ ಹೇಳಬಹುದು. ಪುರಾಣೇತಿಹಾಸಗಳಿಂದ ಆಯ್ದ ಈ ಹೆಸರುಗಳೆಲ್ಲವೂ ಅಸ್ತ್ರದ ಪ್ರಯೋಗವನ್ನೇ ಹೊಗಳುತ್ತವೆ. ಆ ಗ್ರಂಥಗಳು ಪ್ರಯೋಗದೊಡನೆ ಸರಿಸಮವಾಗಿ ಹೇಳಿದ ಉಪಸಂಹಾರವನ್ನು ಬಿಟ್ಟುಬಿಟ್ಟಿವೆ. ಬಾಲಕಾಂಡದಲ್ಲಿ ವಿಶ್ವಾಮಿತ್ರನಿಂದ ಅಸ್ತ್ರಗಳನ್ನು ಪಡೆದ ರಾಮನು ಮಾಡುವ ಮೊದಲ ಕೆಲಸವೇನು? ಅವುಗಳ ಸಂಹಾರವನ್ನೂ, ಎಂದರೆ ಹಿಂದಕ್ಕೆ ಕರೆದುಕೊಳ್ಳುವ ವಿಧಾನವನ್ನೂ ಉಪದೇಶಿಸಬೇಕೆಂದು ಕೇಳುವುದು. ಅಸ್ತ್ರವಿದ್ಯೆಯು ಅಲ್ಲಿಗೆ ಪೂರ್ಣವಾಗುತ್ತದೆ.

ಸೌಪ್ತಿಕಪರ್ವದಲ್ಲಿ ಇದರ ವ್ಯತಿರೇಕವನ್ನು ಕಾಣಬಹುದು. ಅಶ್ವತ್ಥಾಮನು ಬ್ರಹ್ಮಶಿರೋಸ್ತ್ರವನ್ನು ಬಿಟ್ಟನು. ಅದನ್ನು ತಡೆಯಲು ಅರ್ಜುನನೂ ಬಿಟ್ಟನು. ವ್ಯಾಸನಾರದರು ನಡುವೆ ನಿಂತು ಇಬ್ಬರಿಗೂ ಹಿಂದೆಗೆಯಿರೆಂದರು. ಅರ್ಜುನನು ಹಿಂದೆಗೆದನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ. ಅಸ್ತ್ರವು ಪಾಂಡವಸ್ತ್ರೀಯರ ಗರ್ಭಗಳ ಮೇಲೆ ಬಿದ್ದಿತು. ಇಬ್ಬರಿಗೂ ಗುರು ಒಬ್ಬನೇ, ಅಸ್ತ್ರವೂ ಒಂದೇ. ಭೇದವಿದ್ದುದು ಆತ್ಮಸಂಯಮದಲ್ಲಿ. ಮಗನ ಚಾಪಲ್ಯವನ್ನು ಅರಿತಿದ್ದ ದ್ರೋಣನು ಅವನಿಗೆ ಆ ವಿದ್ಯೆಯನ್ನು ಮನಸ್ಸಿಲ್ಲದೆ ಕೊಟ್ಟನೆಂದೂ ಕಥೆ ಹೇಳುತ್ತದೆ. ಅಸ್ತ್ರದ ಬಲಕ್ಕಿಂತ ಅದನ್ನು ಹಿಡಿಯುವವನ ಅಧಿಕಾರಯೋಗ್ಯತೆಯೇ ವ್ಯಾಸರ ಪ್ರಶ್ನೆ.

ಈಗಿನ ‘ಅಗ್ನಿ’ಯನ್ನು ನೋಡಬಹುದು. ೧೯೮೯ರ ಮೇ ತಿಂಗಳಲ್ಲಿ ಅದರ ಮೊದಲ ರೂಪವು ಹಾರಿತು. ೨೦೧೨ರ ಏಪ್ರಿಲಿನಲ್ಲಿ ಐದನೆಯ ರೂಪವು ಪರೀಕ್ಷಿತವಾಯಿತು. ಅದು ಐದು ಸಾವಿರ ಕಿಲೋಮೀಟರುಗಳಿಗೂ ಮಿಕ್ಕ ದೂರವನ್ನು ಮುಟ್ಟಬಲ್ಲುದು. ಒಂದೇ ಕ್ಷಿಪಣಿಯಿಂದ ಹಲವು ಸಿಡಿತಲೆಗಳನ್ನು ಬೇರೆ ಬೇರೆ ಗುರಿಗಳಿಗೆ ಕಳುಹಿಸುವ ಪರೀಕ್ಷೆಯು ೨೦೨೪ರ ಮಾರ್ಚ್ ೧೧ರಂದು ನಡೆಯಿತು. ಅದಕ್ಕಿಟ್ಟ ಹೆಸರು ‘ದಿವ್ಯಾಸ್ತ್ರ’. ಕೆಲವು ನಿಮಿಷಗಳ ಕಾಲ ಎಂಜಿನು ಉರಿದು, ಅನಂತರ ಎಸೆದ ಕಲ್ಲಿನಂತೆ ಭೂಮಿಯ ಸೆಳೆತಕ್ಕೆ ಒಳಗಾಗಿ ಬೀಳುವ ಇಂಥ ಕ್ಷಿಪಣಿಯನ್ನು ಹಾರಿದ ಮೇಲೆ ಹಿಂದಕ್ಕೆ ಕರೆಯುವ ಉಪಾಯವಿಲ್ಲ. ದಿವ್ಯಾಸ್ತ್ರದ ಅರ್ಧಲಕ್ಷಣ ಮಾತ್ರ ಇದಕ್ಕುಂಟು.

‘ಸುದರ್ಶನ’ವೆಂಬ ಹೆಸರೂ ಈಚೆಗೆ ಪ್ರಚಾರದಲ್ಲಿದೆ. ದೇಶದ ಮುಖ್ಯಸ್ಥಾನಗಳನ್ನು ೨೦೩೫ರೊಳಗೆ ಆಕಾಶದ ದಾಳಿಯಿಂದ ಕಾಪಾಡುವ ಯೋಜನೆಯನ್ನು ಈ ಹೆಸರಿನಿಂದ ೨೦೨೫ರ ಆಗಸ್ಟ್ ೧೫ರಂದು ಪ್ರಧಾನಿಗಳು ಘೋಷಿಸಿದರು. ರಕ್ಷಣೆಗೆ ಸುದರ್ಶನದ ಹೆಸರು ತಕ್ಕುದೇ. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಆ ಚಕ್ರವು ಅಂಬರೀಷನನ್ನು ಕಾಪಾಡಿ ದೂರ್ವಾಸನನ್ನು ಲೋಕಲೋಕಗಳಲ್ಲಿ ಅಟ್ಟಿಕೊಂಡು ಹೋಯಿತು. ಕಡೆಗೆ ಅದನ್ನು ಶಾಂತವಾಗೆಂದು ಬೇಡಿದವನು ಅಪಕಾರಕ್ಕೊಳಗಾದ ಅಂಬರೀಷನೇ. ಕಾಪಾಡಲ್ಪಟ್ಟವನ ಬಾಯಿಂದಲೇ ಉಪಸಂಹಾರದ ಮಾತು ಹೊರಡಬೇಕೆಂಬ ಈ ಭಾಗವನ್ನು ಬಿಟ್ಟು ಸುದರ್ಶನದ ಕಥೆಯನ್ನು ಹೇಳಲಾಗದು.

‘ನಾಗ’ ಕ್ಷಿಪಣಿಯು ಟ್ಯಾಂಕುಗಳನ್ನು ಒಡೆಯತಕ್ಕದ್ದು. ಹಾರಿಸಿದವನು ಅದನ್ನು ಮರೆತುಬಿಡಬಹುದು. ಗುರಿಯ ಶಾಖವನ್ನು ತಾನೇ ಕಂಡು ಅದು ಅಟ್ಟಿಹೋಗುತ್ತದೆ. ಕರ್ಣಪರ್ವದ ನಾಗಾಸ್ತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಭೇದವು ತಿಳಿಯುತ್ತದೆ. ಕೃಷ್ಣನು ರಥವನ್ನು ತುಳಿದುದರಿಂದ ಗುರಿ ತಪ್ಪಿ, ಕಿರೀಟವನ್ನು ಮಾತ್ರ ಹಾರಿಸಿದ ಅಶ್ವಸೇನನು ತಿರುಗಿ ಬಂದು, ತನ್ನನ್ನು ಮತ್ತೊಮ್ಮೆ ತೊಡೆಂದು ಬೇಡಿದರೂ ಕರ್ಣನು ಒಪ್ಪಲಿಲ್ಲ. ತೊಟ್ಟ ಬಾಣವನ್ನು ಮರಳಿ ತೊಡೆನೆಂಬ ಅವನ ಹಟಕ್ಕಾಗಿಯೇ ಕನ್ನಡನಾಡು ಸೋತ ಕರ್ಣನನ್ನು ಗೆದ್ದವರಿಗಿಂತ ಹೆಚ್ಚಾಗಿ ಪ್ರೀತಿಸಿದೆ. ತನ್ನ ಬಾಣಕ್ಕೆ ತಾನೇ ಹೊಣೆಯೆಂಬವನ ಕಥೆಯಿಂದ ಬಂದ ಹೆಸರು, ಹಾರಿಸಿ ಮರೆಯುವ ಆಯುಧಕ್ಕೆ ಸಂದಿದೆ.

ಅದೇ ಹೆಸರಿನ ಮತ್ತೊಂದು ಆಯುಧದಲ್ಲಿ ಈ ಲೋಪಕ್ಕೆ ಆಶ್ಚರ್ಯಕರವಾದ ಪರಿಹಾರವೂ ದೊರೆಯುತ್ತದೆ. ೨೦೨೪ರಲ್ಲಿ ಭೂಸೇನೆಯನ್ನು ಸೇರಿದ ‘ನಾಗಾಸ್ತ್ರ’ವೆಂಬ ಚಿಕ್ಕ ಚಾಲಕರಹಿತ ವಿಮಾನವು ಗುರಿಯ ಮೇಲೆ ಸುತ್ತುತ್ತಿದ್ದು ಎರಗುವುದಾದರೂ, ಗುರಿ ಸಿಕ್ಕದಿದ್ದರೆ ಅಥವಾ ಆಜ್ಞೆ ಬದಲಾದರೆ ಮರಳಿ ಬಂದು ಪ್ಯಾರಾಚೂಟಿನಿಂದ ಇಳಿಯಬಲ್ಲುದು. ಅಗ್ನಿಪುರಾಣದ ಧನುರ್ವೇದಪ್ರಕರಣದಲ್ಲಿ ಯಂತ್ರಮುಕ್ತ, ಪಾಣಿಮುಕ್ತ, ಮುಕ್ತಸಂಧಾರಿತ, ಅಮುಕ್ತ, ಬಾಹುಯುದ್ಧವೆಂದು ಐದು ವಿಭಾಗಗಳಿವೆ. ಬಿಟ್ಟು ಮರಳಿ ಹಿಡಿಯುವುದೇ ಮುಕ್ತಸಂಧಾರಿತ. ಹೊಸ ಯಂತ್ರವೊಂದು ಈ ಹಳೆಯ ಲಕ್ಷಣಕ್ಕೆ ಇಷ್ಟು ಸಮೀಪವಾಗಿ ಬಂದಿರುವಾಗ ಅದಕ್ಕೆ ಆ ಹೆಸರನ್ನೇ ಇಡಬಹುದಾಗಿತ್ತು.

ಇದು ಪದಪಂಡಿತರ ವಿನೋದಮಾತ್ರವಲ್ಲವೆಂಬುದಕ್ಕೆ ೨೦೨೨ರ ಮಾರ್ಚ್ ೯ರ ಪ್ರಸಂಗವೇ ಸಾಕ್ಷಿ. ಆ ದಿನ ಒಂದು ಬ್ರಹ್ಮೋಸ್ ಕ್ಷಿಪಣಿಯು ಅಕಸ್ಮಾತ್ತಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಎಂಬ ಊರಿನ ಸಮೀಪದಲ್ಲಿ ಬಿದ್ದಿತು. ದೈವವಶದಿಂದ ಪ್ರಾಣಹಾನಿಯಾಗಲಿಲ್ಲ. ನಿಯಮೋಲ್ಲಂಘನೆಯೇ ಕಾರಣವೆಂದು ವಿಚಾರಣೆಯಲ್ಲಿ ತಿಳಿದು, ಆಗಸ್ಟಿನಲ್ಲಿ ವಾಯುಸೇನೆಯ ಮೂವರು ಅಧಿಕಾರಿಗಳನ್ನು ಸೇವೆಯಿಂದ ವಜಾಮಾಡಿದರು. ಎರಡು ಪರಮಾಣುರಾಷ್ಟ್ರಗಳ ನಡುವೆ, ಯಾರೂ ಬಯಸದೆ ಹೊರಟ ಆಯುಧವನ್ನು ಯಾರೂ ಹಿಂದಕ್ಕೆ ಕರೆಯಲಾರದೆ ಹೋದ ಆ ಕೆಲವು ನಿಮಿಷಗಳಲ್ಲಿ ಸೌಪ್ತಿಕಪರ್ವವು ಪುರಾಣವಾಗಿ ಉಳಿದಿರಲಿಲ್ಲ.

ವನಪರ್ವದಲ್ಲಿ ಮತ್ತೊಂದು ಕಥೆ. ಇಂದ್ರಲೋಕದಿಂದ ಮರಳಿದ ಅರ್ಜುನನನ್ನು ಧರ್ಮರಾಜನು ದಿವ್ಯಾಸ್ತ್ರಗಳನ್ನು ತೋರಿಸೆಂದು ಕೇಳುತ್ತಾನೆ. ಅರ್ಜುನನು ತೋರಿಸತೊಡಗಿದೊಡನೆ ಭೂಮಿ ನಡುಗುತ್ತದೆ, ನದಿಗಳು ಕದಡುತ್ತವೆ. ನಾರದನು ಓಡಿಬಂದು, ಗುರಿಯಿಲ್ಲದೆ ಕುತೂಹಲಕ್ಕಾಗಿ ಇವುಗಳನ್ನು ಹೂಡಬಾರದೆಂದು ತಡೆಯುತ್ತಾನೆ. ೧೯೯೬ರಿಂದ ಯಲಹಂಕದಲ್ಲಿ ನಡೆದುಬಂದಿರುವ ವೈಮಾನಿಕ ಪ್ರದರ್ಶನಕ್ಕೆ ಸಾವಿರಾರು ಮಂದಿ ಮಕ್ಕಳೊಡನೆ ಹೋಗುತ್ತಾರೆ. ಅಲ್ಲಿ ಹಾರಾಟವಿರುವುದೇ ಹೊರತು ಪ್ರಹಾರವಿಲ್ಲವಾದುದರಿಂದ ನಾರದನ ನಿಷೇಧವು ನೇರವಾಗಿ ತಟ್ಟುವುದಿಲ್ಲ. ಚಾಲಕರ ಕೌಶಲವು ಶ್ಲಾಘ್ಯವೇ ಸರಿ. ಆದರೂ ಆ ಮಕ್ಕಳು ತೇಜಸ್ಸಿನ ಪಲ್ಟಿಯನ್ನು ನೋಡಿ ಮನೆಗೆ ಬಂದ ರಾತ್ರಿ ಈ ಕಥೆಯನ್ನೂ ಕೇಳಿದರೆ ಒಳ್ಳೆಯದು.

೬

ಉಪಸಂಹಾರವನ್ನು ಹೊಗಳುವುದು ದುರ್ಬಲರ ಮಾತೆಂದೂ, ಶತ್ರುವು ಬಾಗಿಲಲ್ಲಿರುವಾಗ ಇದು ಕೂಡದೆಂದೂ ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪವು ಹಗುರವಾದುದಲ್ಲ. ಆಯುಧವಿಲ್ಲದವನ ಕ್ಷಮೆಗೆ ಬೆಲೆ ಕಡಮೆಯೆಂಬುದನ್ನು ಮಯೂರಶರ್ಮನ ಕಥೆಯೂ ಹೇಳುತ್ತದೆ. ಆದರೆ ಉಪಸಂಹಾರವು ಆಯುಧವಿಲ್ಲದವನ ಗುಣವಲ್ಲ. ಅಸ್ತ್ರವನ್ನು ಬಿಡಬಲ್ಲವನಿಗೇ ಹಿಂದೆಗೆಯುವ ಪ್ರಸಕ್ತಿ. ಭಾರತಸರ್ಕಾರವು ೨೦೦೩ರ ಜನವರಿಯಲ್ಲಿ ಪ್ರಕಟಿಸಿದ ನೀತಿಯಲ್ಲಿ, ಪರಮಾಣ್ವಸ್ತ್ರವನ್ನು ತಾನು ಮೊದಲು ಪ್ರಯೋಗಿಸುವುದಿಲ್ಲವೆಂದೂ, ಪ್ರಯೋಗದ ಆಜ್ಞೆಯು ಪ್ರಜೆಗಳು ಆರಿಸಿದ ನಾಯಕತ್ವದಿಂದಲೇ ಹೊರಡತಕ್ಕದ್ದೆಂದೂ ಹೇಳಿತು. ಹಿಂದೆಗೆಯಲಾಗದ ಅಸ್ತ್ರಕ್ಕೆ ಸಂಯಮವು ಬಿಡುವುದಕ್ಕಿಂತ ಮುಂಚೆಯೇ ಇರಬೇಕು. ಆ ನೀತಿಯೇ ಈ ಕಾಲದ ಉಪಸಂಹಾರಮಂತ್ರ. ಅದನ್ನು ಅಧಿಕಾರಿಗಳು ಕಡತದಲ್ಲಿ ಓದಿದರೆ ಸಾಲದು, ಜನರೂ ತಮ್ಮ ಕಥೆಯಲ್ಲಿ ಕೇಳಬೇಕು. ಏಕೆಂದರೆ ಯುದ್ಧೋತ್ಸಾಹದ ದಿನಗಳಲ್ಲಿ ರಾಜ್ಯಾಂಗವನ್ನು ಮುಂದಕ್ಕೆ ತಳ್ಳುವುದೂ ಹಿಂದಕ್ಕೆ ಹಿಡಿಯುವುದೂ ಜನರ ಮನಸ್ಸೇ. ಆ ಮನಸ್ಸನ್ನು ಹೆಸರುಗಳು ದಿನದಿನವೂ ತಿದ್ದುತ್ತಿರುತ್ತವೆ.

ಆದುದರಿಂದ ಈಗಿರುವ ಹೆಸರುಗಳನ್ನು ತೆಗೆದುಹಾಕಬೇಕೆಂಬುದು ಈ ವಿಮರ್ಶೆಯ ಅಭಿಪ್ರಾಯವಲ್ಲ. ೧೯೬೧ರಲ್ಲಿ ಸೇವೆಗೆ ಬಂದು ೧೯೯೭ರಲ್ಲಿ ನಿವೃತ್ತವಾದ ಹಳೆಯ ವಿಕ್ರಾಂತದ ಹೆಸರು, ಕೊಚ್ಚಿಯಲ್ಲಿ ಕಟ್ಟಿದ ೨೬೨ ಮೀಟರುಗಳ ಹೊಸ ವಿಮಾನವಾಹಕ ನೌಕೆಗೆ ೨೦೨೨ರ ಸೆಪ್ಟೆಂಬರ್ ೨ರಂದು ಸಂದಿತು. ಹೀಗೆ ಹೆಸರುಗಳು ಉಕ್ಕಿಗಿಂತ ಹೆಚ್ಚು ಬಾಳುತ್ತವೆ, ಅವು ಇರಲಿ. ಪತ್ರಿಕೆಗಳವರು ಹೆಸರನ್ನು ಬರೆದಾಗ ಯಂತ್ರದ ನಿಜವಾದ ಶಕ್ತಿಯನ್ನೂ ಮಿತಿಯನ್ನೂ ಬರೆಯಲಿ; ಉಪಾಧ್ಯಾಯರು ಹೆಸರನ್ನು ಹೇಳಿದಾಗ ಕಥೆಯನ್ನು ಕಡೆಯವರೆಗೆ ಹೇಳಲಿ. ಮುಂದೆ ಹೆಸರಿಡತಕ್ಕವರು ರಾಮಾಯಣವನ್ನು ಇನ್ನೊಂದು ಸರ್ಗದಷ್ಟು ಮುಂದಕ್ಕೆ ಓದಲಿ. ರಾಮನು ಕೇಳಿದ ಸಂಹಾರಾಸ್ತ್ರಗಳಿಗೂ ಆದಿಕವಿಯು ಹೆಸರುಗಳನ್ನು ಕೊಟ್ಟಿದ್ದಾನೆ: ಸತ್ಯವಂತ, ಸತ್ಯಕೀರ್ತಿ, ಪರಾಙ್ಮುಖ, ಅವಾಙ್ಮುಖ ಮೊದಲಾದ ದೊಡ್ಡ ಪಟ್ಟಿಯೇ ಅಲ್ಲಿದೆ. ಆಜ್ಞೆಯಿಲ್ಲದೆ ಆಯುಧವು ಹೊರಡದಂತೆ ತಡೆಯುವ ಬೀಗಗಳನ್ನೂ, ಹೊರಟುದನ್ನು ಮರಳಿಸುವ ಉಪಕರಣಗಳನ್ನೂ ಕಟ್ಟುವ ಎಂಜಿನಿಯರುಗಳು ತಮ್ಮ ಕೆಲಸಕ್ಕೆ ಹೆಸರನ್ನು ಹುಡುಕುವಾಗ ಆ ಪಟ್ಟಿಯು ಅವರಿಗೆ ಒದಗಲಿ.